ತೀರ್ಪಿನಲ್ಲಿ ಸಿನಿಮಾ ಬಂದರೆ ಕೇಸ್ ಬಿದ್ದುಹೋಗುತ್ತಾ?

ಪ್ರಶ್ನೆ: ಸಾರ್, ನನಗೆ 58 ವರ್ಷ. ಸೋಮವಾರಪೇಟೆ ಕಡೆ ನಮ್ಮದು ಆರು ಎಕರೆ ಅರೇಬಿಕಾ ತೋಟ. ಅಪ್ಪನ ಸ್ವಂತ ಸಂಪಾದನೆ. ಅಪ್ಪ 2011ರಲ್ಲಿ ವಿಲ್ ಬರೆಯದೆ ತೀರಿಕೊಂಡರು, ಅಮ್ಮ ಅದಕ್ಕೂ ಮೊದಲೇ ಹೋಗಿದ್ದರು. ನಾವು ಮೂವರು ಮಕ್ಕಳು. ಅಕ್ಕ ಕುಶಾಲನಗರದಲ್ಲಿದ್ದಾಳೆ, ತಂಗಿ ಮೈಸೂರಲ್ಲಿ. ತೋಟ ನೋಡಿಕೊಂಡದ್ದೆಲ್ಲ ನಾನೇ. ಕಾಂಡಕೊರಕ ಬಿದ್ದು ಅರ್ಧ ತೋಟ ಹೋದಾಗ ಮತ್ತೆ ಗಿಡ ನೆಟ್ಟವನೂ ನಾನೇ. ಅಕ್ಕ ಪಾಲಿಗೆ ದಾವೆ ಹಾಕಿದಳು. ತೀರ್ಪು ಬಂದು 12 ದಿನ ಆಯ್ತು, ಮೂವರಿಗೂ ಸಮಪಾಲು. ಅದು ಹಾಗಿರಲಿ. ನನಗೆ ಉರಿಯುವುದು 17ನೇ ಪ್ಯಾರಾ. ಅದರಲ್ಲಿ ನ್ಯಾಯಾಧೀಶರು 'ಬಂಗಾರದ ಮನುಷ್ಯ' ಸಿನಿಮಾ ತಂದು, "ಆ ಚಿತ್ರದ ರಾಜೀವ ಅಕ್ಕನಿಗೆ ಕೊಟ್ಟು ಹೋದವನು, 1ನೇ ಪ್ರತಿವಾದಿ ಅಕ್ಕನಿಂದ ಇಟ್ಟುಕೊಂಡು ಕುಳಿತವರು" ಅಂತ ಬರೆದಿದ್ದಾರೆ. ಯಾರೋ ಆ ಪುಟದ ಫೋಟೋ ಹೊಡೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಈಗ ಶನಿವಾರಸಂತೆಯಲ್ಲಿ ಒಣಮೀನು ಮಾರುವವನೂ "ಏನ್ ರಾಜೀವಣ್ಣ" ಅಂತಾನೆ. ಸಿನಿಮಾವನ್ನು ಯಾರೂ ಸಾಕ್ಷ್ಯವಾಗಿ ಹಾಜರು ಮಾಡಿಲ್ಲ, ಹಾಗಿದ್ದ ಮೇಲೆ ಅದು ತೀರ್ಪಿಗೆ ಹೇಗೆ ಬರುತ್ತೆ? ಸುಪ್ರೀಂ ಕೋರ್ಟ್ ಇದನ್ನೆಲ್ಲ ನಿಷೇಧ ಮಾಡಿದೆ, ಇದೊಂದೇ ಪಾಯಿಂಟ್ ಮೇಲೆ ಅಪೀಲ್ ಗೆಲ್ಲಬಹುದು ಅಂತ ನನ್ನ ಭಾವಮೈದ ಹೇಳ್ತಾನೆ. ನಿಜವಾ? ಆ ಪ್ಯಾರಾ ತೆಗೆಸಲು ಆಗುತ್ತಾ? ತೀರ್ಪಿನ ಪ್ರತಿ ಕಳಿಸಿದ್ದೇನೆ.

ಉತ್ತರ: ತೀರ್ಪು ಪೂರ್ತಿ ಓದಿದೆ, 17ನೇ ಪ್ಯಾರಾವನ್ನು ಎರಡು ಸಲ. ನಿಮಗೆ ಯಾಕೆ ಉರಿಯುತ್ತೆ ಅಂತ ಅರ್ಥವಾಗುತ್ತೆ. ಪಾಲು ಹೋದದ್ದಕ್ಕಿಂತ ಆ ಒಂದು ಸಾಲು ಜಾಸ್ತಿ ಚುಚ್ಚಿದೆ. ಮಡಿಕೇರಿಯಲ್ಲಿ ವಕೀಲಿಕೆ ಶುರು ಮಾಡಿ 27 ವರ್ಷ ಆಯ್ತು. ಕೇಸ್ ಸೋತದ್ದನ್ನು ಮರೆತವರನ್ನು ಬೇಕಾದಷ್ಟು ನೋಡಿದ್ದೇನೆ. ತೀರ್ಪಿನಲ್ಲಿ ತಮ್ಮ ಬಗ್ಗೆ ಬರೆದ ಒಂದು ಮಾತನ್ನು ಮರೆತವರು ಮಾತ್ರ ಯಾರೂ ಸಿಕ್ಕಿಲ್ಲ.

ನಿಮ್ಮ ಭಾವಮೈದನ ಮಾತನ್ನು ಮೊದಲು ಮುಗಿಸಿಬಿಡೋಣ. ತೀರ್ಪಿನಲ್ಲಿ ಸಿನಿಮಾ, ಹಾಡು, ಕಥೆ ಬರಬಾರದು ಅಂತ ಸುಪ್ರೀಂ ಕೋರ್ಟ್ ಯಾವ ನಿಷೇಧವನ್ನೂ ಹಾಕಿಲ್ಲ. ಅವರು ಕೇಳಿರಬಹುದಾದದ್ದು 2022ರ ಆಗಸ್ಟ್ ತಿಂಗಳ ಒಂದು ತೀರ್ಪಿನ ಸುದ್ದಿ. ಹಿಮಾಚಲ ಪ್ರದೇಶ ಹೈಕೋರ್ಟಿನಿಂದ ಬಂದ ಒಂದು ತೀರ್ಪು ಓದಿದರೆ ತಲೆಬುಡ ತಿಳಿಯುವಂತಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟ ಸುಪ್ರೀಂ ಕೋರ್ಟ್, ತೀರ್ಪು ಹೇಗಿರಬೇಕು ಅಂತ ಸ್ವಲ್ಪ ವಿವರವಾಗಿ ಹೇಳಿತು. ಪ್ಯಾರಾಗಳಿಗೆ ನಂಬರ್ ಹಾಕಿ, ವಿವಾದ ಏನು, ಅದಕ್ಕೆ ಕಾನೂನು ಏನು, ಈ ಕೇಸಿಗೆ ಅದು ಹೇಗೆ ಹೊಂದುತ್ತೆ, ಕೊನೆಗೆ ಏನು ತೀರ್ಮಾನ, ಇಷ್ಟು ಕೇಸಿನವರಿಗೆ ಅರ್ಥವಾಗಬೇಕು ಅಂತ. ಸಿನಿಮಾ ಬೇಡ ಅಂತ ಅದರಲ್ಲಿ ಎಲ್ಲೂ ಇಲ್ಲ.

ಎರಡನೇ ಪ್ರಶ್ನೆ ಒಳ್ಳೆಯದು. ಸಾಕ್ಷ್ಯದಲ್ಲಿ ಇಲ್ಲದ ಸಿನಿಮಾ ತೀರ್ಪಿಗೆ ಹೇಗೆ ಬಂತು? ಇಲ್ಲಿ ಎರಡು ಸಂಗತಿ ಬೇರೆಬೇರೆ. ನ್ಯಾಯಾಧೀಶರು ಒಂದು ಸಂಗತಿ ನಿಜ ಅಂತ ತೀರ್ಮಾನಿಸಬೇಕಾದರೆ ಅದಕ್ಕೆ ಸಾಕ್ಷ್ಯ ಬೇಕು. ಎಲ್ಲರಿಗೂ ಗೊತ್ತಿರುವ ಕೆಲವು ವಿಷಯಗಳನ್ನು ಸಾಕ್ಷ್ಯವಿಲ್ಲದೆಯೂ ಕೋರ್ಟ್ ಗಮನಕ್ಕೆ ತಂದುಕೊಳ್ಳಬಹುದು. ಇತಿಹಾಸ, ಸಾಹಿತ್ಯ, ವಿಜ್ಞಾನ, ಕಲೆಯ ವಿಷಯದಲ್ಲಿ ಸರಿಯಾದ ಪುಸ್ತಕ ನೋಡಲೂಬಹುದು. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಅದು 57ನೇ ಕಲಂ ಆಗಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 52ನೇ ಕಲಂ. ಆದರೆ ಹೋಲಿಕೆಗೆ, ಗಾದೆಗೆ ಸಾಕ್ಷ್ಯ ಬೇಕಿಲ್ಲ. 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಅಂತ ಎಷ್ಟು ತೀರ್ಪುಗಳಲ್ಲಿ ಬಂದಿಲ್ಲ ಹೇಳಿ. ಆ ಬೇಲಿಯನ್ನು ಯಾರೂ ಸಾಕ್ಷ್ಯ ಅಂತ ನಂಬರ್ ಹಾಕಿಸಿ ಮಾರ್ಕ್ ಮಾಡಿಸಿಲ್ಲ, ಅಲ್ವಾ?

ಜಡ್ಜ್‌ಗಳು ಯಾಕೆ ಹೀಗೆ ಬರೆಯುತ್ತಾರೆ? ನಾನು ಕಂಡಂತೆ ಮುಖ್ಯ ಕಾರಣ, ಓದುವವರಿಗೆ ತಟ್ಟಬೇಕು ಅನ್ನೋದು. ಕೆಳಗಿನ ಕೋರ್ಟಿನ ನ್ಯಾಯಾಧೀಶರು ದಿನವಿಡೀ ವಾಯಿದೆ, ಪಾಟೀಸವಾಲು, ಜಾಮೀನು ಅಂತ ಮುಗಿಸಿ, ಸಂಜೆ ಸ್ಟೆನೋಗೆ ಹೇಳಿ ತೀರ್ಪು ಬರೆಸುತ್ತಾರೆ. ಪಹಣಿ, ಪೌತಿ ಖಾತೆ, ಸಾಕ್ಷಿಯ ಹೇಳಿಕೆ, ಎಲ್ಲ ಒಣ ಸರಕು. ನಡುವೆ ಒಂದು ಗಾದೆ, ಒಂದು ವಚನ, ಒಂದು ಕಗ್ಗ ಬಂದರೆ ಬರೆಯುವವರಿಗೂ ಉಸಿರಾಡಿದಂತೆ ಆಗುತ್ತೆ. ಹಿಂದೆ ಆ ಜಾಗದಲ್ಲಿ ಮಹಾಭಾರತ ಇರುತ್ತಿತ್ತು. ಈಗ ವಕೀಲ, ಸಾಕ್ಷಿ, ಜಡ್ಜ್, ಬಾಗಿಲ ಹತ್ತಿರ ಹೆಸರು ಕೂಗುವವನು, ಎಲ್ಲರಿಗೂ ಗೊತ್ತಿರುವ ಕಥೆ ಅಂದರೆ ಸಿನಿಮಾ. ಅದರಲ್ಲೂ ರಾಜ್‌ಕುಮಾರ್ ಸಿನಿಮಾ. ಕನ್ನಡದಲ್ಲಿ ಬರೆದ ತೀರ್ಪಿಗೆ ಅದು ಇನ್ನೂ ಸುಲಭವಾಗಿ ನುಸುಳುತ್ತೆ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಸುಪ್ರೀಂ ಕೋರ್ಟಿಗೆ 2015ರಲ್ಲಿ ಒಂದು ಆಟಿಕೆಯ ಕೇಸ್ ಬಂದಿತ್ತು. ಸ್ಪೈಡರ್‌ಮ್ಯಾನ್ ಥರ ಕೈಯಿಂದ ನೊರೆಯ ದಾರ ಚಿಮ್ಮಿಸುವ ಆಟಿಕೆ. ಅದರ ಪೇಟೆಂಟ್ ಇದ್ದವರಿಗೂ ಮಾರ್ವೆಲ್ ಕಂಪನಿಗೂ ಜಗಳ, ಪೇಟೆಂಟ್ ಅವಧಿ ಮುಗಿದ ಮೇಲೂ ರಾಯಲ್ಟಿ ಕೊಡಬೇಕಾ ಬೇಡವಾ ಅಂತ. 1964ರ ಹಳೇ ತೀರ್ಪಿನ ಪ್ರಕಾರ ಕೊಡಬೇಕಿರಲಿಲ್ಲ. ಆ ಹಳೇ ತೀರ್ಪನ್ನೇ ಬದಲಿಸಿ ಅಂತ ಪೇಟೆಂಟ್‌ದಾರರು ಕೇಳಿದ್ದರು. ನ್ಯಾಯಮೂರ್ತಿ ಎಲೆನಾ ಕೇಗನ್ ಬದಲಿಸುವುದಿಲ್ಲ ಅಂತ ಬಹುಮತದ ತೀರ್ಪು ಬರೆದರು. ಬರೆಯುತ್ತಾ ಅಲ್ಲಲ್ಲಿ ಬಲೆ, ಜೇಡ ಅಂತ ಪದಗಳಲ್ಲಿ ಆಟ ಆಡಿ, ಕೊನೆಗೆ 1962ರ ಸ್ಪೈಡರ್‌ಮ್ಯಾನ್ ಕಾಮಿಕ್‌ನ ಮಾತನ್ನೇ ತಂದರು, ದೊಡ್ಡ ಶಕ್ತಿಯ ಜೊತೆ ದೊಡ್ಡ ಜವಾಬ್ದಾರಿಯೂ ಬರಬೇಕು ಅಂತ. ಹಳೇ ತೀರ್ಪನ್ನು ಕೆಡವುವ ಶಕ್ತಿ ನಮಗಿದೆ, ಅದಕ್ಕೇ ಹುಷಾರಾಗಿ ಬಳಸಬೇಕು ಅನ್ನೋ ಅರ್ಥದಲ್ಲಿ. ಪೇಟೆಂಟ್‌ದಾರರು ಸೋತರು, ಆದರೆ ಆ ಸಾಲಿನಿಂದ ಅವರ ಮರ್ಯಾದೆ ಹೋಗಲಿಲ್ಲ. ಕೇಸೇ ಸ್ಪೈಡರ್‌ಮ್ಯಾನ್ ಆಟಿಕೆಯದು, ಮತ್ತೆ ತಮಾಷೆ ಕೋರ್ಟಿನ ಅಧಿಕಾರದ ಬಗ್ಗೆ ಇತ್ತು, ಕೇಸಿನವರ ಬಗ್ಗೆ ಇರಲಿಲ್ಲ.

ಪಾಕಿಸ್ತಾನದ ಸುಪ್ರೀಂ ಕೋರ್ಟಿನಲ್ಲಿ ನಡೆದದ್ದು ಬೇರೆ ಥರ, ನಿಮ್ಮ ನೋವಿಗೆ ಅದೇ ಹತ್ತಿರ. 2017ರ ಏಪ್ರಿಲ್‌ನಲ್ಲಿ ಪ್ರಧಾನಿ ನವಾಜ್ ಷರೀಫ್ ಅವರ ಪನಾಮಾ ಪೇಪರ್ಸ್ ಕೇಸಿನ, ಅಂದರೆ ಕುಟುಂಬದ ವಿದೇಶಿ ಆಸ್ತಿಯ ಕೇಸಿನ ತೀರ್ಪು ಬಂತು. ನ್ಯಾಯಮೂರ್ತಿ ಆಸಿಫ್ ಸಯೀದ್ ಖೋಸಾ ತಮ್ಮ ತೀರ್ಪನ್ನು ಶುರು ಮಾಡಿದ್ದೇ 'ದಿ ಗಾಡ್‌ಫಾದರ್' ಕಾದಂಬರಿಯನ್ನು ನೆನೆಸಿಕೊಂಡು. ಪ್ರತಿ ದೊಡ್ಡ ಆಸ್ತಿಯ ಹಿಂದೆ ಒಂದು ಅಪರಾಧ ಇದೆ ಅನ್ನೋ ಮಾತು. ಮಾರನೇ ದಿನ ಎಲ್ಲ ಕಡೆ ಅದೇ ಹೆಡ್‌ಲೈನ್. ಪ್ರಧಾನಿಯ ಕುಟುಂಬವನ್ನು ಮಾಫಿಯಾ ಕುಟುಂಬದ ಪಕ್ಕ ಕೂರಿಸಿದಂತೆ ಆಯ್ತು. ಆದರೆ ಗಮನಿಸಿ, ಅವತ್ತು ಖೋಸಾ ಅಲ್ಪಮತದಲ್ಲಿದ್ದರು. ಐದು ಜನರಲ್ಲಿ ಮೂವರು ಹೇಳಿದ್ದು ಇನ್ನೂ ತನಿಖೆ ಆಗಲಿ ಅಂತ, ಷರೀಫ್ ಅನರ್ಹರಾದದ್ದು ಜುಲೈನಲ್ಲಿ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಗಾಡ್‌ಫಾದರ್ ಸಾಲು. ಇನ್ನೊಂದು ವಿಷಯ. ಆ ಮಾತು ಮೂಲದಲ್ಲಿ ಫ್ರೆಂಚ್ ಲೇಖಕ ಬಾಲ್ಜಾಕ್‌ನದು. ಅವನು ಬರೆದದ್ದು ಎಲ್ಲ ದೊಡ್ಡ ಆಸ್ತಿಯ ಬಗ್ಗೆ ಅಲ್ಲ, ಎಲ್ಲಿಂದ ಬಂತು ಅಂತ ಕಣ್ಣಿಗೆ ಕಾಣದ ಆಸ್ತಿಯ ಬಗ್ಗೆ. ಕಾದಂಬರಿಗೆ ಬರುವಷ್ಟರಲ್ಲಿ ಆ ಷರತ್ತು ಉದುರಿಹೋಗಿತ್ತು. ಖೋಸಾ ಮೂಲವನ್ನೂ ತೀರ್ಪಿನಲ್ಲಿ ಕೊಟ್ಟಿದ್ದರು, ಆದರೆ ಅಷ್ಟು ದೂರ ಓದುವವರು ಯಾರು?

ತಮಾಷೆಗೆ ಇದೂ ಇರಲಿ. 2006ರಲ್ಲಿ ಲಂಡನ್ನಿನಲ್ಲಿ 'ದ ಡಾ ವಿಂಚಿ ಕೋಡ್' ಕಾದಂಬರಿ ಬೇರೆಯವರ ಪುಸ್ತಕದಿಂದ ಕದ್ದದ್ದು ಅನ್ನೋ ಕೇಸ್ ನಡೆಯಿತು. ಕಳವಲ್ಲ ಅಂತ ತೀರ್ಪು ಕೊಟ್ಟ ನ್ಯಾಯಮೂರ್ತಿ ಪೀಟರ್ ಸ್ಮಿತ್, ಆ ತೀರ್ಪಿನೊಳಗೇ ಓರೆ ಅಕ್ಷರಗಳಲ್ಲಿ ಒಂದು ಗುಪ್ತ ಸಂದೇಶ ಅಡಗಿಸಿಟ್ಟಿದ್ದರು. ವಾರಗಟ್ಟಲೆ ಯಾರಿಗೂ ಗೊತ್ತೇ ಆಗಲಿಲ್ಲ. ಬಿಡಿಸಿದಾಗ ಅದರಲ್ಲಿ ಇದ್ದದ್ದು ಹಳೇ ಕಾಲದ ಒಬ್ಬ ಬ್ರಿಟಿಷ್ ನೌಕಾಪಡೆ ಅಧಿಕಾರಿಯ ಹೆಸರು! ಕೇಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಮೇಲಿನ ಕೋರ್ಟು ತೀರ್ಪು ಓದಲು ಸುಲಭವಾಗಿಲ್ಲ ಅಂತ ಗೊಣಗಿತು, ಆದರೂ ಫಲಿತಾಂಶವನ್ನು ಎತ್ತಿಹಿಡಿಯಿತು.

ಮೇಲಿನ ಕೋರ್ಟು ನೋಡುವುದೇ ಹಾಗೆ, ಅದಕ್ಕೇ ಇಷ್ಟು ಕಥೆ ಹೇಳಿದೆ. ಅಲಂಕಾರ ತೆಗೆದರೆ ಒಳಗಿನ ಕಾರಣ ನಿಲ್ಲುತ್ತಾ? ನೀವೂ ಒಂದು ಕೆಲಸ ಮಾಡಿ. ತೀರ್ಪಿನ ಪ್ರತಿ ತೆಗೆದು 17ನೇ ಪ್ಯಾರಾ ಮೇಲೆ ಅಂಗೈ ಇಟ್ಟು ಮುಚ್ಚಿ. 16ರಿಂದ ನೇರ 18ಕ್ಕೆ ಓದಿ.

ನಾನು ಓದಿದೆ. ಏನೂ ಅಲುಗಾಡಲಿಲ್ಲ. 13ರಿಂದ 16ರವರೆಗೆ, ತೋಟ ಅಪ್ಪನ ಸ್ವಂತ ಸಂಪಾದನೆ ಅಂತ ನೀವೇ ಒಪ್ಪಿದ್ದು, ವಿಲ್ ಇಲ್ಲದ್ದು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು ಅನ್ನೋದು. 18ರಲ್ಲಿ ನಿಮ್ಮ ಇನ್ನೊಂದು ವಾದಕ್ಕೆ ಉತ್ತರ: ಪಹಣಿಯಲ್ಲಿ ನನ್ನೊಬ್ಬನ ಹೆಸರಿದೆ, ಇಷ್ಟು ವರ್ಷ ನಾನೊಬ್ಬನೇ ಅನುಭವದಲ್ಲಿದ್ದೇನೆ ಅಂತ ನೀವು ಹೇಳಿದ್ದಿರಿ. ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಬರುವುದಿಲ್ಲ, ಒಬ್ಬ ಪಾಲುದಾರನ ಸ್ವಾಧೀನ ಎಲ್ಲ ಪಾಲುದಾರರ ಪರವಾಗಿಯೂ ಅಂತಲೇ ಕಾನೂನು ನೋಡುತ್ತೆ. ಇದರಲ್ಲಿ ರಾಜ್‌ಕುಮಾರ್ ಎಲ್ಲೂ ಇಲ್ಲ. ಹಾಗಾಗಿ 'ಸಿನಿಮಾ ನೋಡಿ ತೀರ್ಪು ಕೊಟ್ಟರು' ಅನ್ನೋ ಒಂದೇ ಪಾಯಿಂಟ್ ಹಿಡಿದು ಅಪೀಲು ಹಾಕಿದರೆ ಮೊದಲ ದಿನವೇ ಬೀಳುತ್ತೆ.

ಬದಲಿಗೆ ಅಂಗೈ ಇಟ್ಟಾಗ ತೀರ್ಪಿನಲ್ಲಿ ಗುಂಡಿ ಬಿದ್ದಿದ್ದರೆ ಕಥೆ ಬೇರೆ. ಉದಾಹರಣೆಗೆ, "ಒಳ್ಳೆ ಹೆಣ್ಣುಮಗಳು ಸಿನಿಮಾದ ತಂಗಿಯ ಹಾಗೆ ತವರಿನ ಆಸ್ತಿ ಕೇಳುವುದಿಲ್ಲ" ಅಂತ ಬರೆದು ಅದರ ಮೇಲೆ ನಿಮ್ಮ ಅಕ್ಕನ ದಾವೆ ವಜಾ ಮಾಡಿದ್ದರೆ, ಅದು ನಿಲ್ಲುತ್ತಿರಲಿಲ್ಲ. ಅಂಥ ಅಚ್ಚು ಹಾಕಿದ ಕಲ್ಪನೆಗಳ ಬಗ್ಗೆ ಸುಪ್ರೀಂ ಕೋರ್ಟ್ ನಿಜವಾಗಿಯೂ ಗಟ್ಟಿಯಾಗಿ ಮಾತಾಡಿದೆ. 2021ರ ಮಾರ್ಚ್‌ನಲ್ಲಿ, ಕಿರುಕುಳ ಕೊಟ್ಟ ಆರೋಪಿ ಸಂತ್ರಸ್ತೆಯ ಕೈಯಿಂದ ರಾಖಿ ಕಟ್ಟಿಸಿಕೊಳ್ಳಬೇಕು ಅಂತ ಹಾಕಿದ್ದ ಜಾಮೀನು ಷರತ್ತನ್ನು ಅದು ಕಿತ್ತುಹಾಕಿತು. 2024ರ ಆಗಸ್ಟ್‌ನಲ್ಲಿ, ಹದಿಹರೆಯದ ಹುಡುಗಿಯರಿಗೆ ಬುದ್ಧಿ ಹೇಳಲು ಹೋದ ಕಲ್ಕತ್ತಾ ಹೈಕೋರ್ಟ್ ತೀರ್ಪನ್ನು ರದ್ದು ಮಾಡಿ, ಜಡ್ಜ್ ಕೆಲಸ ಕೇಸ್ ತೀರ್ಮಾನ ಮಾಡುವುದು, ಉಪದೇಶ ಮಾಡುವುದಲ್ಲ ಅಂತ ಹೇಳಿತು. ಸಿನಿಮಾದ ಅಪಾಯ ಇರುವುದು ಅಲ್ಲಿ. ಡೈಲಾಗ್ ಹೊಡೆದದ್ದಕ್ಕಿಂತ, ಸಿನಿಮಾದ ತ್ಯಾಗಮಯಿ ಅಕ್ಕ, ದುಷ್ಟ ಸೊಸೆ, ಕುಡುಕ ಗಂಡ, ಇವರೆಲ್ಲ ಗೊತ್ತಿಲ್ಲದೇ ಬಂದು ಸಾಕ್ಷಿಕಟ್ಟೆಯಲ್ಲಿ ನಿಂತುಬಿಡುವುದು ಹೆಚ್ಚು ಕೆಟ್ಟದ್ದು. ನಿಮ್ಮ ಕೇಸಿನಲ್ಲಿ ಹಾಗೆ ಆಗಿಲ್ಲ.

ಈಗ ನಿಮಗೆ ಇಷ್ಟವಾಗದ ಒಂದು ಮಾತು. 11ನೇ ಪ್ಯಾರಾ ಓದಿದ್ದೀರಾ? ಎರಡೂ ಕಡೆಯ ವಾದವನ್ನು ಚುಟುಕಾಗಿ ಬರೆದಿರುವ ಜಾಗ ಅದು. ಅದರಲ್ಲಿ ನಿಮ್ಮ ವಕೀಲರ ಲಿಖಿತ ವಾದದಿಂದ ಒಂದು ಸಾಲು ಎತ್ತಿದ್ದಾರೆ: "1ನೇ ಪ್ರತಿವಾದಿ ಬಂಗಾರದ ಮನುಷ್ಯನಂತೆ ಕುಟುಂಬಕ್ಕಾಗಿ ಬೆವರು ಸುರಿಸಿದ್ದಾರೆ." ಅಂದರೆ ರಾಜೀವನನ್ನು ಕೋರ್ಟಿಗೆ ಕರೆತಂದವರು ನೀವು. ಜಡ್ಜ್ 17ರಲ್ಲಿ ಮಾಡಿದ್ದು ಅದಕ್ಕೆ ಉತ್ತರ ಕೊಟ್ಟದ್ದು.

ಮತ್ತೆ ಆ ಹೋಲಿಕೆ ಎಂಥದ್ದು ನೋಡಿ. 1972ರ ಆ ಸಿನಿಮಾ ನಾನೂ ಹಲವು ಸಲ ನೋಡಿದ್ದೇನೆ, ನೀವೂ ನೋಡಿರುತ್ತೀರಿ. ರಾಜೀವ ಅಕ್ಕನ ಸಂಸಾರಕ್ಕೆ ಆಸರೆಯಾಗಿ ನಿಂತು ದುಡಿಯುತ್ತಾನೆ. ಕೊನೆಗೆ ಅಕ್ಕನ ಮಗನೇ ಅನುಮಾನಿಸಿ ಆಡಬಾರದ ಮಾತಾಡಿದಾಗ ಏನನ್ನೂ ಕೇಳದೆ ಊಟದಿಂದ ಎದ್ದು ಹೊರಟುಹೋಗುತ್ತಾನೆ. ಅಕ್ಕನಿಗೆ ಪಾಲು ಕೊಡಬೇಡಿ ಅಂತ ವಾದ ಮಾಡುವ ಕೇಸಿನಲ್ಲಿ ಅಕ್ಕನಿಗಾಗಿ ಎಲ್ಲ ಬಿಟ್ಟುಹೋದವನ ಉದಾಹರಣೆ! ನಿಮ್ಮ ವಕೀಲರಿಗೆ ಹಾಡುಗಳಷ್ಟೇ ನೆನಪಿತ್ತೋ ಏನೋ. ಎದುರಿನವರು ಬಾಯಿ ಬಿಡಬೇಕಾಗೂ ಇರಲಿಲ್ಲ, ಜಡ್ಜ್ ಕೈಗೇ ಕತ್ತಿ ಕೊಟ್ಟ ಹಾಗಾಯ್ತು.

ಹಾಗಂತ ಜಡ್ಜ್ ಬರೆದದ್ದು ಪೂರ್ತಿ ಸರಿ ಅಂತಲೂ ನಾನು ಹೇಳುವುದಿಲ್ಲ. "ಈ ಹೋಲಿಕೆ ಪ್ರತಿವಾದಿಗೆ ಸಹಾಯ ಮಾಡುವುದಿಲ್ಲ" ಅಂತ ಬರೆದು ಮುಂದೆ ಹೋಗಬಹುದಿತ್ತು. "ಇಟ್ಟುಕೊಂಡು ಕುಳಿತವರು" ಅನ್ನುವುದು ಕಾನೂನಿನ ಮಾತಲ್ಲ, ಮನುಷ್ಯನಿಗೆ ಅಂಟಿಸಿದ ಚೀಟಿ. ಕೋರ್ಟಿನಲ್ಲಿ ಎತ್ತರದ ಕುರ್ಚಿಯಲ್ಲಿ ಕೂತವರು ತಮಾಷೆ ಮಾಡಿದರೆ ಕೆಳಗೆ ನಿಂತವರು ತಿರುಗಿ ಹೇಳುವ ಹಾಗಿಲ್ಲ. ಗೆದ್ದವರಿಗೆ ಅದು ಚಾಟೂಕ್ತಿ, ಸೋತವರಿಗೆ ಬೈಗುಳ. ನನ್ನ ಮಟ್ಟಿಗೆ ಸಿನಿಮಾ ಕಾನೂನಿನ ಬಗ್ಗೆ ಬಂದರೆ ಬರಲಿ, ಕಟಕಟೆಯಲ್ಲಿ ನಿಂತವರ ಬಗ್ಗೆ ಬರಬಾರದು.

ಇಲ್ಲಿ ನಮ್ಮ ಜಿಲ್ಲೆಯದೇ ಒಂದು ನೆನಪು. ಪಟ್ಟ ಕಳೆದುಕೊಂಡ ಚಿಕ್ಕವೀರರಾಜೇಂದ್ರ ಇಂಗ್ಲೆಂಡಿಗೆ ಹೋಗಿ ಈಸ್ಟ್ ಇಂಡಿಯಾ ಕಂಪನಿ ಮೇಲೆ ತನ್ನ ಹಣಕ್ಕಾಗಿ ದಾವೆ ಹಾಕಿದ್ದ. 1860ರಲ್ಲಿ ಆ ದಾವೆ ಬಿತ್ತು, ಇದು ಯುದ್ಧ ಮತ್ತು ರಾಜ್ಯಾಡಳಿತದ ವಿಷಯ, ಕೋರ್ಟಿನದ್ದಲ್ಲ ಅಂತ. ಆ ತೀರ್ಪು ಕಾನೂನು ಪುಸ್ತಕಗಳಲ್ಲಿ ಇವತ್ತಿಗೂ ಇದೆ. ಕೊಡಗಿನಲ್ಲಿ ಅದನ್ನು ಓದಿದವರು ವಕೀಲರಲ್ಲೂ ಕಮ್ಮಿ. ರಾಜನ ಬಗ್ಗೆ ಜನರಿಗೆ ಗೊತ್ತಿರುವುದೆಲ್ಲ ಮಾಸ್ತಿಯವರ ಕಾದಂಬರಿಯಿಂದ ಬಂದದ್ದು. ಕಥೆಯ ಮುಂದೆ ತೀರ್ಪು ಯಾವತ್ತೂ ಗೆಲ್ಲುವುದಿಲ್ಲ ಸ್ವಾಮಿ. ಅದಕ್ಕೇ ನಿಮ್ಮ 13ರಿಂದ 16ನೇ ಪ್ಯಾರಾ ಯಾರೂ ಫಾರ್ವರ್ಡ್ ಮಾಡಲಿಲ್ಲ.

ಸರಿ, ಈಗ ಏನು ಮಾಡಬಹುದು?

ಆ ಪ್ಯಾರಾ ತೆಗೆಸಲು ಆಗುತ್ತಾ ಅಂದರೆ, ದಾರಿ ಇದೆ. ತೀರ್ಪಿನಲ್ಲಿ ಒಬ್ಬರ ಬಗ್ಗೆ ಬರೆದ ಅನವಶ್ಯಕ ಮಾತನ್ನು ಮೇಲಿನ ಕೋರ್ಟು ತೆಗೆದುಹಾಕಬಹುದು. ಅದಕ್ಕೆ ಮೂರು ಪ್ರಶ್ನೆ ಕೇಳಬೇಕು ಅಂತ ಸುಪ್ರೀಂ ಕೋರ್ಟ್ 1963ರಲ್ಲೇ, ಉತ್ತರ ಪ್ರದೇಶ ಸರ್ಕಾರ ಮತ್ತು ಮೊಹಮ್ಮದ್ ನಯೀಮ್ ಕೇಸಿನಲ್ಲಿ ಹೇಳಿದೆ. ಆ ವ್ಯಕ್ತಿ ಕೋರ್ಟಿನ ಮುಂದೆ ಇದ್ದರಾ, ತಮ್ಮ ಮಾತು ಹೇಳಲು ಅವಕಾಶ ಸಿಕ್ಕಿತ್ತಾ? ಆ ಟೀಕೆಗೆ ಸಾಕ್ಷ್ಯದಲ್ಲಿ ಆಧಾರ ಇದೆಯಾ? ಕೇಸ್ ತೀರ್ಮಾನಕ್ಕೆ ಆ ಟೀಕೆ ಬೇಕೇಬೇಕಿತ್ತಾ? ಇದನ್ನು ನಿಮಗೆ ಹಚ್ಚಿ ನೋಡೋಣ. ನೀವು ಕೋರ್ಟಿನ ಮುಂದೆಯೇ ಇದ್ದಿರಿ. ಪಾಟೀಸವಾಲಿನಲ್ಲಿ, ಹತ್ತು ವರ್ಷದ ಕುಯ್ಲಿನ ಹಣದಲ್ಲಿ ಅಕ್ಕ ತಂಗಿಗೆ ಏನೂ ಕೊಟ್ಟಿಲ್ಲ, ಲೆಕ್ಕವನ್ನೂ ತೋರಿಸಿಲ್ಲ ಅಂತ ಒಪ್ಪಿದ್ದೀರಿ. ಹಾಗಾಗಿ ಆಧಾರ ಇಲ್ಲವೇ ಇಲ್ಲ ಅನ್ನೋದು ಕಷ್ಟ. ನಿಮಗೆ ಇರುವುದು ಮೂರನೇ ಪ್ರಶ್ನೆ. ತೀರ್ಮಾನಕ್ಕೆ ಆ ಸಾಲು ಬೇಕಿರಲಿಲ್ಲ, ಅದನ್ನು ನಾವು ಅಂಗೈ ಇಟ್ಟು ನೋಡಿಯಾಗಿದೆ. ಅದರ ಮೇಲೆ ಕೇಳಬಹುದು, ಸಿಗಲೂಬಹುದು. ಖಂಡಿತ ಸಿಗುತ್ತೆ ಅಂತ ನಾನು ಹೇಳಲಾರೆ.

ಆದರೆ ಬರೇ ಅದನ್ನು ಕೇಳಲು ಹೋಗಬೇಡಿ. ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಂನ ಅಪೀಲು ಡಿಕ್ರಿಯ ಮೇಲೆ, ಅಂದರೆ ಯಾರಿಗೆ ಏನು ಸಿಗಬೇಕು ಅನ್ನೋ ಆದೇಶದ ಮೇಲೆ, ತೀರ್ಪಿನ ಒಂದು ಸಾಲಿನ ಮೇಲಲ್ಲ. ಅಷ್ಟಕ್ಕೇ ಅಂದರೆ ಸಂವಿಧಾನದ 227ನೇ ವಿಧಿ ಹಿಡಿದು ಬೆಂಗಳೂರಿಗೆ, ಹೈಕೋರ್ಟಿಗೆ ಹೋಗಬೇಕು. ಖರ್ಚು ಒಂದು ಕಡೆ. ಇನ್ನೊಂದು ತೊಂದರೆಯನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಹೈಕೋರ್ಟು ಆ ಸಾಲನ್ನು ತೆಗೆಯಬೇಕಾದರೆ ಯಾವ ಸಾಲು ಅಂತ ತನ್ನ ಆದೇಶದಲ್ಲಿ ಬರೆಯಬೇಕಾಗುತ್ತೆ. ಆ ಆದೇಶ ಆನ್‌ಲೈನ್‌ನಲ್ಲಿ ಬರುತ್ತೆ. ಸಿನಿಮಾ ಹೆಸರಿದ್ದರೆ ಕಾನೂನು ಸುದ್ದಿ ಮಾಡುವವರು ಬಿಡುತ್ತಾರಾ? ಈಗ ಶನಿವಾರಸಂತೆಗೆ ಗೊತ್ತಿರುವುದು ಆಮೇಲೆ ರಾಜ್ಯಕ್ಕೇ ಗೊತ್ತಾಗುತ್ತೆ.

ಅದೇ ಕೋರ್ಟಿಗೆ ಹೋಗಿ ತಿದ್ದಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಸಹಿ ಬಿದ್ದ ಮೇಲೆ ಕೈತಪ್ಪು, ಲೆಕ್ಕದ ತಪ್ಪು ಇದ್ದರೆ ಸಿಪಿಸಿಯ 152ನೇ ಕಲಂನಲ್ಲಿ ಸರಿಮಾಡಬಹುದು. ಇದು ಕೈತಪ್ಪಲ್ಲ. ಪುನರ್‌ಪರಿಶೀಲನೆ ಅರ್ಜಿಯೂ ಇದಕ್ಕೆ ಹೊಂದುವುದಿಲ್ಲ. ಜಡ್ಜ್ ಮೇಲೆ ದೂರು ಕೊಡುವ ಯೋಚನೆ ಇದ್ದರೆ, ಕೆಳಗಿನ ಕೋರ್ಟಿನ ನ್ಯಾಯಾಧೀಶರ ಬಗ್ಗೆ ಪ್ರಾಮಾಣಿಕವಾಗಿ ಹೈಕೋರ್ಟಿಗೆ ಬರೆದರೆ ಅದು ನ್ಯಾಯಾಂಗ ನಿಂದನೆ ಆಗುವುದಿಲ್ಲ, 1971ರ ಕಾಯ್ದೆಯ 6ನೇ ಕಲಂನಲ್ಲೇ ಆ ರಕ್ಷಣೆ ಇದೆ. ಆದರೆ ಒಂದು ಹೋಲಿಕೆಗಾಗಿ, ಅದೂ ನೀವೇ ಶುರುಮಾಡಿದ ಹೋಲಿಕೆಗಾಗಿ ದೂರು ಕೊಟ್ಟರೆ ಏನೂ ಆಗುವುದಿಲ್ಲ. ಸುಮ್ನೆ ಒಂದು ರಿಜಿಸ್ಟರ್ಡ್ ಪೋಸ್ಟ್ ಖರ್ಚು. ಮತ್ತೆ ದಯವಿಟ್ಟು ಸಿಟ್ಟಿನಲ್ಲಿ ವಿಡಿಯೋ ಮಾಡಿ ಹಾಕಬೇಡಿ. ಮುಗಿದ ಕೇಸಿನ ತೀರ್ಪನ್ನು ನ್ಯಾಯವಾಗಿ ಟೀಕೆ ಮಾಡುವ ಹಕ್ಕು ನಿಮಗೂ ಇದೆ. ರಾತ್ರಿ ಹತ್ತು ಗಂಟೆಗೆ ಫೋನ್ ಹಿಡಿದು ಆಡುವ ಮಾತು ಅಷ್ಟು ನ್ಯಾಯವಾಗಿ ಇರುವುದಿಲ್ಲ.

ಫೋಟೋ ಹಂಚಿದವನ ಮೇಲೆ ಕೇಸ್ ಹಾಕಬಹುದಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರಬಹುದು. ತೀರ್ಪು ಸಾರ್ವಜನಿಕ ದಾಖಲೆ. ಇದ್ದದ್ದನ್ನು ಇದ್ದಹಾಗೆ ಹಂಚಿದ್ದಕ್ಕೆ ಏನೂ ಮಾಡಲಾಗದು. ಬಿಡಿ.

ನೀವು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ತೋಟದ ಬಗ್ಗೆ. ಈಗ ಬಂದಿರುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಪಾಲು ಅಂತ ಅಷ್ಟೇ. ಯಾವ ಭಾಗ ಯಾರಿಗೆ ಅನ್ನೋದು ಅಂತಿಮ ಡಿಕ್ರಿಯಲ್ಲಿ. ಈ ಪ್ರಾಥಮಿಕ ಡಿಕ್ರಿ ಮೇಲೆ ಈಗ ಅಪೀಲು ಹಾಕದಿದ್ದರೆ, ಮುಂದೆ ಅಂತಿಮ ಡಿಕ್ರಿಯ ಅಪೀಲಿನಲ್ಲಿ ಪಾಲಿನ ಲೆಕ್ಕ ತಪ್ಪು ಅಂತ ಹೇಳುವ ಹಾಗಿಲ್ಲ, ಸಿಪಿಸಿಯ 97ನೇ ಕಲಂ ಬಾಗಿಲು ಹಾಕುತ್ತೆ. ಅಪೀಲು ಜಿಲ್ಲಾ ಕೋರ್ಟಿಗಾದರೆ 30 ದಿನ, ಆಸ್ತಿಯ ಮೌಲ್ಯದಿಂದ ಹೈಕೋರ್ಟಿಗೆ ಹೋಗಬೇಕಾದರೆ 90 ದಿನ. ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದ ದಿನದಿಂದ ಕಾಪಿ ತಯಾರಾಗುವವರೆಗಿನ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ.

ಹಾಗಾದರೆ ಅಪೀಲು ಹಾಕಬೇಕಾ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೂರನೇ ಒಂದು ಪಾಲು ಅನ್ನೋದು ಬದಲಾಗುವುದಿಲ್ಲ. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿಗೆ ತಡೆ ಸಿಕ್ಕಂತೆಯೂ ಅಲ್ಲ, ಅದನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಅಪಾಯವೂ ಇದೆ. ಈ ತೀರ್ಪಿನಲ್ಲಿ ನಿಮ್ಮ ಅಕ್ಕ ಕೇಳಿದ್ದ ಹಿಂದಿನ ವರ್ಷಗಳ ಉತ್ಪನ್ನದ ಪಾಲನ್ನು ಕೋರ್ಟ್ ಕೊಟ್ಟಿಲ್ಲ, ಸಾಕ್ಷ್ಯ ಸಾಲದು ಅಂತ. ನೀವು ಅಪೀಲು ಹಾಕಿದರೆ ಅವರು ಅದರಲ್ಲೇ ಪ್ರತಿ ಆಕ್ಷೇಪಣೆ ಹಾಕಿ ಅದನ್ನು ಮತ್ತೆ ಎಬ್ಬಿಸಬಹುದು. ಕಾಫಿಗೆ ಒಳ್ಳೇ ರೇಟ್ ಬಂದ ವರ್ಷಗಳ ಲೆಕ್ಕ ಕೊಡುವ ಪರಿಸ್ಥಿತಿ ಬಂದರೆ ಈ 17ನೇ ಪ್ಯಾರಾ ಎಷ್ಟೋ ವಾಸಿ ಅನ್ನಿಸೀತು.

ಅಪೀಲಿಗಿಂತ ನಿಮಗೆ ಲಾಭ ಇರುವುದು ಅಂತಿಮ ಡಿಕ್ರಿಯಲ್ಲಿ. ನೀವೇ ಹಣ ಹಾಕಿ ಮತ್ತೆ ನೆಟ್ಟ ಭಾಗವನ್ನು, ಸಾಧ್ಯವಾದಷ್ಟು ಮಟ್ಟಿಗೆ, ನಿಮ್ಮ ಪಾಲಿಗೇ ಹಾಕಿಕೊಡಿ ಅಂತ ಕೇಳುವ ಅವಕಾಶ ಇದೆ. ಕಂದಾಯ ಕಟ್ಟುವ ಜಮೀನಾದ್ದರಿಂದ ವಿಭಾಗ ಮಾಡುವ ಕೆಲಸ ಸಿಪಿಸಿಯ 54ನೇ ಕಲಂ ಪ್ರಕಾರ ಡಿಸಿ ಮೂಲಕ ನಡೆಯುತ್ತೆ, ಸರ್ವೆಯವರು ಬರುತ್ತಾರೆ. ಆಗ ನಿಮ್ಮ ಮಾತಿಗೆ ತೂಕ ಬರಬೇಕಾದರೆ ಕಾಗದ ಬೇಕು. ನರ್ಸರಿಯಿಂದ ಗಿಡ ತಂದ ಬಿಲ್ಲು, ಸ್ಪ್ರಿಂಕ್ಲರ್ ಪೈಪಿನ ಬಿಲ್ಲು, ಪಲ್ಪರ್, ಕಣಕ್ಕೆ ಹಾಕಿಸಿದ ಸಿಮೆಂಟು, ಆಳುಗಳ ಸಂಬಳದ ಪುಸ್ತಕ, ಬ್ಯಾಂಕಿನ ಬೆಳೆಸಾಲದ ಪಾಸ್‌ಬುಕ್ಕು. ವಿಚಾರಣೆಯಲ್ಲಿ ಇದರಲ್ಲಿ ಒಂದನ್ನೂ ನೀವು ಹಾಜರು ಮಾಡಿಲ್ಲ, 11ನೇ ಪ್ಯಾರಾದಲ್ಲಿ ಬೆವರಿನ ಮಾತು ಬಿಟ್ಟರೆ ಏನೂ ಇಲ್ಲ. ಬಿಲ್ಲುಗಳು ಇದ್ದಿದ್ದರೆ ಆ ಜಾಗದಲ್ಲಿ ಸಿನಿಮಾ ಬೇಕಾಗುತ್ತಿರಲಿಲ್ಲ.

ಇಷ್ಟಾಗಿಯೂ ಅಪೀಲು ಹಾಕಿಯೇ ಸಿದ್ಧ ಅಂದರೆ, ಕಾನೂನಿನ ಕಾರಣಗಳನ್ನು ಮೊದಲು ಬರೆಸಿ. ಕೊನೆಯಲ್ಲಿ ಒಂದೇ ಒಂದು ಸಾಲಿನಲ್ಲಿ, 17ನೇ ಪ್ಯಾರಾದ ಆ ವಾಕ್ಯ ತೀರ್ಮಾನಕ್ಕೆ ಅವಶ್ಯವಿರಲಿಲ್ಲ, ತೆಗೆದುಹಾಕಬೇಕು ಅಂತ ಕೇಳಿ. ಆ ಸಾಲಿನಲ್ಲಿ ಸಿನಿಮಾ ಹೆಸರು ಬೇಡ, ಪ್ಯಾರಾ ನಂಬರ್ ಸಾಕು. ಅಪೀಲು ಮೆಮೋದಲ್ಲಿ ಪ್ರತಿಯಾಗಿ ಇನ್ನೊಂದು ಡೈಲಾಗ್ ಹಾಕೋಣ ಅಂತ ಯಾರಾದರೂ ಹೇಳಿದರೆ ಕೈಮುಗಿದು ಬೇಡ ಅನ್ನಿ.

ತೀರ್ಪು ಬಂದು 12 ದಿನ ಆಯ್ತು ಅಂದಿರಿ. ನೀವು ಕಳಿಸಿರುವುದು ಮೊಬೈಲಿನಲ್ಲಿ ತೆಗೆದ ಪುಟಗಳು, ಸರ್ಟಿಫೈಡ್ ಕಾಪಿಯ ಸೀಲು ಎಲ್ಲೂ ಕಾಣಲಿಲ್ಲ. ಕಾಪಿಗೆ ಅರ್ಜಿ ಹಾಕಿಲ್ಲದಿದ್ದರೆ ನಾಳೆಯೇ ಹಾಕಿ. ಕಾಪಿ ಬರುವಷ್ಟರಲ್ಲಿ ಅಟ್ಟದ ಮೇಲಿನ ಟ್ರಂಕ್ ಇಳಿಸಿ ಬಿಲ್ಲುಗಳನ್ನು ವರ್ಷವಾರು ಜೋಡಿಸಿ. ಅಕ್ಕನಿಗೆ ಒಂದು ಫೋನ್ ಮಾಡಲು ಮನಸ್ಸಿದ್ದರೆ, ಅದನ್ನೂ 30 ದಿನದಲ್ಲಿ ಉಳಿದಿರುವ ಈ ಹದಿನೆಂಟು ದಿನದೊಳಗೇ ಮಾಡಿ. ಯಾವ ಭಾಗ ಯಾರಿಗೆ ಅಂತ ನೀವು ಮೂವರೇ ಕೂತು ಬರೆದುಕೊಟ್ಟರೆ ಕೋರ್ಟು ಅದರಂತೆಯೇ ಡಿಕ್ರಿ ಮಾಡಬಹುದು, ಸರ್ವೆಯವರ ದಾರಿ ಕಾಯಬೇಕಾಗುವುದಿಲ್ಲ.